ಟ್ಯಾಂಕು, ಪಂಪು ಮತ್ತು ಹಳೇ ನೀರು

ಆ ಊರಿನ ಪಂಪಿಗೆ ಹಸಿರು ಬಣ್ಣ ಬಳಿದಿದ್ದರು. ಪ್ರತಿ ಆಯುಧಪೂಜೆಗೂ ಹಳೆಯ ಬಣ್ಣದ ಮೇಲೆ ಹೊಸದೊಂದು ಕೋಟು, ಅದರ ಮೇಲೆ ವಿಭೂತಿ, ಕುಂಕುಮ, ಬಾಡಿದ ಚೆಂಡುಹೂವಿನ ಮಾಲೆ. ನನಗೆ ಬೇಕಾಗಿದ್ದದ್ದು ಪಂಪಿನ ಮೈಮೇಲೆ ಅದನ್ನು ಮಾಡಿದವರು ಹೊಡೆದಿರುವ ಪುಟ್ಟ ತಗಡು. ಈ ಪಂಪು ಎಷ್ಟು ಎತ್ತರಕ್ಕೆ ಎಷ್ಟು ನೀರು ಎತ್ತಬಲ್ಲದು ಎಂದು ಅದರಲ್ಲಿ ಬರೆದಿರುತ್ತದೆ. ತಗಡು ಸಿಕ್ಕಿತು, ಅಕ್ಷರ ಸಿಗಲಿಲ್ಲ. ಬೀಗದ ಕೈಯಿಂದ ಬಣ್ಣ ಕೆರೆಯಲು ಹೋದರೆ, ಊರಿಗೆ ನೀರು ಬಿಡುವ ನೀರುಗಂಟಿ ಅಡ್ಡ ಬಂದರು.

“ಕೆರೀಬ್ಯಾಡ್ರಿ ಮೇಡಂ, ಪೂಜೆ ಮಾಡಿದ್ದು ಅದು. ನೋಡ್ರಿ ಹೆಂಗೆ ಮಿಂಚ್ತೈತೆ. ಹೊಸಾದ್ರಂಗೇ ಐತೆ.”

ಹೀಗೆ ಶುರುವಾಯಿತು ಜಗಳೂರು ತಾಲ್ಲೂಕಿನಲ್ಲಿ, ಸೊಕ್ಕೆ ಹತ್ತಿರದ ಒಂದು ಊರಿನಲ್ಲಿ ನನ್ನ ಕೆಲಸ. ಊರಿನ ಹೆಸರು ಬೇಡ, ಅಲ್ಲಿಯವರು ಇದನ್ನು ಓದಿದರೆ ನನ್ನನ್ನು ಮತ್ತೆ ಊಟಕ್ಕೆ ಕರೆಯಲಿಕ್ಕಿಲ್ಲ. ನಾನು ಮಾಡುವುದು ಇಷ್ಟು: ಒಂದು ಊರಿನ ನೀರಿನ ವ್ಯವಸ್ಥೆಯನ್ನು, ಅಂದರೆ ಪಂಪು, ಟ್ಯಾಂಕು, ಪೈಪು, ನಲ್ಲಿಗಳನ್ನು ಇದ್ದ ಹಾಗೆಯೇ ಕಂಪ್ಯೂಟರಿನೊಳಗೆ ಇನ್ನೊಮ್ಮೆ ಕಟ್ಟುವುದು. ಅದನ್ನು ಮಾದರಿ ಅನ್ನುತ್ತೇವೆ. ಮಾದರಿ ಸರಿಯಾಗಿದ್ದರೆ ಊರಿನಲ್ಲಿ ಏನನ್ನೂ ಒಡೆಯದೆ, ಅಗೆಯದೆ, ಪಂಪು ಬದಲಿಸಿದರೆ ಏನಾಗುತ್ತದೆ, ನೀರು ಬಿಡುವ ವೇಳೆ ಬದಲಿಸಿದರೆ ಏನಾಗುತ್ತದೆ ಎಂದು ಕುಳಿತಲ್ಲೇ ನೋಡಬಹುದು. ಸರಿಯಿಲ್ಲದಿದ್ದರೆ ಅದು ಬರೀ ಬಣ್ಣಬಣ್ಣದ ಚಿತ್ರ.

ನನ್ನನ್ನು ಅಲ್ಲಿಗೆ ಕರೆಸಿದವರು ಕುಡಿಯುವ ನೀರಿನ ವಿಭಾಗದ ಶಾಖಾ ಇಂಜಿನಿಯರ್. ತ್ಯಾವಣಿಗೆ ಕಡೆಯವರು, ನಾಲೆ ನೀರು ನೋಡುತ್ತ ಬೆಳೆದವರು. ನಾನು ಹೊನ್ನಾಳಿಯವಳು, ತುಂಗಭದ್ರೆಯ ದಂಡೆಯ ಮೇಲೆ ಬಟ್ಟೆ ಒಗೆದವಳು. ನೀರನ್ನು ಕಣ್ತುಂಬ ಕಂಡ ಇಬ್ಬರು ನೀರಿಲ್ಲದ ಊರಿಗೆ ಬುದ್ಧಿ ಹೇಳಲು ಹೊರಟಿದ್ದೇವೆ ಎಂದು ಜನ ನಮ್ಮನ್ನು ಆಡಿಕೊಂಡದ್ದರಲ್ಲಿ ತಪ್ಪೇನಿರಲಿಲ್ಲ.

ತೊಂದರೆ ಇದ್ದದ್ದು ದಿಬ್ಬದ ಓಣಿಯಲ್ಲಿ. ಊರಿನಲ್ಲಿ ಎರಡು ಭಾಗ: ಟಾರು ರಸ್ತೆಯ ಈಚೆಗೆ ಕೆಳಗಿನ ಓಣಿ, ಆಚೆಗೆ ಏರಿನ ಮೇಲೆ ದಿಬ್ಬದ ಓಣಿ. ಟ್ಯಾಂಕಿನಿಂದ ಹೊರಟ ಪೈಪು ಒಂದೇ. ಅದು ಮೊದಲು ಕೆಳಗಿನ ಓಣಿಗೆ ನೀರು ಕೊಡುತ್ತ ಹೋಗಿ, ಕೊನೆಗೆ ರಸ್ತೆ ದಾಟಿ ದಿಬ್ಬ ಹತ್ತುತ್ತದೆ. ನಾಲ್ಕು ದಿನಕ್ಕೊಮ್ಮೆ ನೀರು. ಕೆಳಗಿನ ಓಣಿಯಲ್ಲಿ ನಲ್ಲಿಗಳು ಭೋರ್ಗರೆಯುವಾಗ ದಿಬ್ಬದ ನಲ್ಲಿಗಳು ಬುಸ್ ಎಂದು ಗಾಳಿ ಬಿಟ್ಟು ಸುಮ್ಮನಾಗುತ್ತಿದ್ದವು.

ದಿಬ್ಬದ ಓಣಿಯಲ್ಲಿ ಒಂದು ಅಂಗನವಾಡಿ. ಅದರ ಟೀಚರ್ ಮತ್ತು ಸಹಾಯಕಿ ದಿನವೂ ರಸ್ತೆ ದಾಟಿ, ಕೈಪಂಪಿನಿಂದ ನೀರು ಹೊತ್ತು ತಂದು, ಮಕ್ಕಳಿಗೆ ಅನ್ನ ಸಾರು ಮಾಡುತ್ತಿದ್ದರು. ನೀರಿಲ್ಲದ ಕಡೆ ಕೇಂದ್ರ ನಡೆಸುವುದು ಹೇಗೆ ಎಂದು ಮೇಲಿನವರು ಕೇಳತೊಡಗಿದ್ದರು. ತಿಂಗಳ ಕೊನೆಗೆ ಮೇಲ್ವಿಚಾರಕಿ ಬಂದು ನೋಡುವವರಿದ್ದರು. ಆಗಲೂ ನಲ್ಲಿ ಒಣಗಿದ್ದರೆ ಅಂಗನವಾಡಿ ಕೆಳಗಿನ ಓಣಿಯ ಸಮುದಾಯ ಭವನಕ್ಕೆ ಹೋಗುತ್ತದೆ.

“ಹೋದ್ರೆ ಹೋಗ್ಲಿ ಅನ್ನಂಗಿಲ್ಲ ಮೇಡಂ,” ಎಂದರು ಟೀಚರ್ ನಾನು ಮೊದಲ ಸಲ ಹೋದಾಗ. “ಮೆಕ್ಕೆಜೋಳದ ಲಾರಿಗಳು ಆ ರಸ್ತ್ಯಾಗೆ ಹೆಂಗೆ ಹೋಗ್ತಾವೆ ನೋಡೀರಲ್ಲ. ನಮ್ಮ ಓಣಿ ತಾಯಂದ್ರು ಹೊಲಕ್ಕೆ ಹೋಗೋರು. ಮೂರು ವರ್ಸದ ಕೂಸನ್ನ ದಿನಾ ರಸ್ತೆ ದಾಟ್ಸಿ ಬಿಟ್ಟು ಬರಾಕೆ ಅವ್ರಿಗೆಲ್ಲೈತೆ ಪುರುಸೊತ್ತು? ಕಳ್ಸೋದೇ ಬಿಡ್ತಾರೆ. ನಾನು ಕೆಳಗಿನ ಮಕ್ಕಳಿಗೆ ಟೀಚರ್ ಆಗಿ ಕುಂತ್ಕಂತೀನಿ, ಇವು ಹೊಲದ ಬದಿನಾಗೆ ಆಡ್ಕಂಡಿರ್ತಾವೆ.”

ಅವರ ಬೆನ್ನ ಹಿಂದೆ ಗೋಡೆಗೆ ಒರಗಿ ಸಾಲಾಗಿ ಕುಳಿತಿದ್ದ ಮಕ್ಕಳು ನನ್ನ ಲ್ಯಾಪ್‌ಟಾಪನ್ನು ಟಿವಿ ಎಂದುಕೊಂಡು ಕಾಯುತ್ತಿದ್ದವು. ಪೈಪಿನ ಚಿತ್ರ ತೋರಿಸಿದೆ. ಭಾರೀ ನಿರಾಸೆಯಾಯಿತು ಅವಕ್ಕೆ.

ಶಾಖಾ ಇಂಜಿನಿಯರರ ಅಭಿಪ್ರಾಯ ಸರಳವಾಗಿತ್ತು. ಪಂಪು ಸವೆದಿದೆ, ದೊಡ್ಡದು ಹಾಕಬೇಕು. ಮಾದರಿಯಿಂದ ಅದನ್ನೇ ಹೇಳಿಸಿದರೆ ಕಾಗದ ಮುಂದೆ ಹೋಗುತ್ತದೆ. ನನಗೆ ಈ ‘ಹೇಳಿಸುವುದು’ ಎಂಬ ಮಾತು ಕೇಳಿದರೇ ಮೈ ಉರಿಯುತ್ತದೆ. ಆದರೂ ಬಾಯಿ ಮುಚ್ಚಿಕೊಂಡು ಕೆಲಸಕ್ಕೆ ಕೂತೆ.

ಉಳಿಯಲು ಕೆಳಗಿನ ಓಣಿಯಲ್ಲಿ ಒಬ್ಬ ಹಿರಿಯ ಹೆಂಗಸಿನ ಮನೆಯ ಪಡಸಾಲೆಯ ಕೋಣೆ ಸಿಕ್ಕಿತು. ಊರಿಗೆಲ್ಲ ಅವರು ದೊಡ್ಡಮ್ಮ, ನನಗೂ ಹಾಗೇ ಆದರು. ಕುರಿ ಸಾಕಿದ ಮನೆ. ಹಿತ್ತಲಲ್ಲಿ ಸಾಲಾಗಿ ನೀಲಿ ಡ್ರಮ್ಮುಗಳು, ಅವುಗಳ ಪಕ್ಕ ಕೊಡಗಳು, ಕೊಡಗಳ ಪಕ್ಕ ಬಕೆಟ್ಟು, ಬಕೆಟ್ಟಿನ ಪಕ್ಕ ತಪ್ಪಲೆ. ಎಲ್ಲದರಲ್ಲೂ ನೀರು. ಇಷ್ಟು ನೀರಿಟ್ಟುಕೊಂಡು ಬರಗಾಲದ ಮಾತಾಡುತ್ತಾರಲ್ಲ ಎಂದು ಮನಸ್ಸಿನಲ್ಲೇ ನಕ್ಕೆ.

ತಗಡಿನ ಅಕ್ಷರ ಓದಲಾಗದ ಮೇಲೆ ಪಂಪಿನ ಶಕ್ತಿಯನ್ನು ನಾನೇ ಅಳೆಯಬೇಕಾಯಿತು. ಅದಕ್ಕೊಂದು ಕ್ರಮವಿದೆ. ಪಂಪು ತಳ್ಳುವ ಪೈಪಿಗೆ ಒತ್ತಡದ ಗೇಜು ಕಟ್ಟಿ, ಹೊರಗಿನ ವಾಲ್ವನ್ನು ಪೂರ್ತಿ ಮುಚ್ಚಿ ಕೆಲವು ಕ್ಷಣ ಓಡಿಸಿದರೆ, ಒಂದು ಹನಿಯೂ ಕೊಡದೆ ಪಂಪು ಗರಿಷ್ಠ ಎಷ್ಟು ಎತ್ತರಕ್ಕೆ ತಳ್ಳಬಲ್ಲದು ಎಂಬುದು ಗೊತ್ತಾಗುತ್ತದೆ. ಆಮೇಲೆ ವಾಲ್ವನ್ನು ಸ್ವಲ್ಪ ಸ್ವಲ್ಪವೇ ತೆರೆಯುತ್ತ ಪ್ರತಿಸಲ ಒತ್ತಡ ಎಷ್ಟು, ಟ್ಯಾಂಕಿನಲ್ಲಿ ನೀರು ಏರುವ ವೇಗ ಎಷ್ಟು ಎಂದು ನೋಡಬೇಕು. ಎತ್ತರ ಹೆಚ್ಚಾದಷ್ಟೂ ಪಂಪು ಕೊಡುವ ನೀರು ಕಡಿಮೆ. ಈ ಬಿಂದುಗಳನ್ನು ಸೇರಿಸಿದರೆ ಇಳಿಜಾರಿನ ಒಂದು ಗೆರೆ ಬರುತ್ತದೆ. ಅದೇ ಪಂಪಿನ ಜಾತಕ.

ವಾಲ್ವು ಮುಚ್ಚಿದ್ದನ್ನು ನೋಡಿ ನೀರುಗಂಟಿಯ ಜೀವ ಬಾಯಿಗೆ ಬಂದಿತ್ತು. “ಮೋಟ್ರು ಸುಟ್ಟೋದ್ರೆ ಊರೋರು ನನ್ನ ಸುಡ್ತಾರ್ರೀ.” ಏನೂ ಸುಡಲಿಲ್ಲ. ಪಂಪು ವಯಸ್ಸಿಗೆ ತಕ್ಕ ಹಾಗೆ ಗೊಣಗಿದರೂ ಚೆನ್ನಾಗಿಯೇ ತಳ್ಳಿತು.

ಗೆರೆಯನ್ನು ಮಾದರಿಗೆ ಕೊಟ್ಟೆ. ಸಂಪು, ಪಂಪು, ಏರುಪೈಪು, ಓವರ್‌ಹೆಡ್ ಟ್ಯಾಂಕು, ಅದರ ಅಡ್ಡಳತೆ, ತಳದ ಮಟ್ಟ, ತುಂಬುವ ಮಟ್ಟ ಎಲ್ಲವನ್ನೂ ಹಾಕಿ ಓಡಿಸಿದೆ. ಬೆಳಿಗ್ಗೆ ಕರೆಂಟು ಬಂದಾಗ ಪಂಪು ಶುರುಮಾಡಿದರೆ ಮಧ್ಯಾಹ್ನದ ಊಟದೊಳಗೆ ಟ್ಯಾಂಕು ತುಂಬಬೇಕು ಎಂದಿತು ಮಾದರಿ. ನಿಜವಾದ ಟ್ಯಾಂಕು ತುಂಬುತ್ತಿದ್ದದ್ದು ಸಂಜೆ, ಕುರಿಗಳು ಹಟ್ಟಿಗೆ ಬರುವ ಹೊತ್ತಿಗೆ.

“ನಾನ್ ಹೇಳ್ಲಿಲ್ವಾ?” ಎಂದರು ಶಾಖಾ ಇಂಜಿನಿಯರ್ ಫೋನಿನಲ್ಲಿ. “ಪಂಪು ಸವೆದೈತೆ. ನಿಮ್ಮ ಮಾದರೀನೇ ಹೇಳ್ತಾ ಐತಲ್ಲ.”

ಆ ಪಂಪನ್ನು ನಾನು ಕೈಯಾರೆ ಅಳೆದಿದ್ದೆ. ಅದು ಸವೆದಿದ್ದರೆ ಸವೆದ ಪಂಪಿನ ಗೆರೆಯನ್ನೇ ಮಾದರಿಗೆ ಕೊಟ್ಟಿದ್ದೇನೆ, ಆದರೂ ಮಾದರಿ ಮುಂದೆ ಓಡುತ್ತಿದೆ. ಹಾಗಾದರೆ ತಪ್ಪು ಬೇರೆಲ್ಲೋ ಇದೆ. ಎರಡು ದಿನ ಸಂಖ್ಯೆಗಳನ್ನು ತಿರುವಿ ಹಾಕಿದೆ. ಪೈಪಿನೊಳಗೆ ತುಕ್ಕು ಕಟ್ಟಿರಬಹುದೆಂದು ಒರಟುತನ ಏರಿಸಿದೆ, ಸಂಪಿನ ಮಟ್ಟ ಇಳಿಸಿದೆ. ಏನೂ ಹೊಂದಲಿಲ್ಲ. ಕೊನೆಗೆ ಬೇಸತ್ತು, ಟ್ಯಾಂಕಿನ ಕಬ್ಬಿಣದ ಏಣಿ ಹತ್ತಿದೆ. ಕೆಳಗಿನಿಂದ ದೊಡ್ಡಮ್ಮ, “ಮದ್ವೆಯಾಗಿರೋ ಹೆಣ್ಮಗಳು, ಹತ್ತಬ್ಯಾಡ ಕಣವ್ವ” ಎಂದು ಕೂಗುತ್ತಿದ್ದರು. ಮದುವೆಗೂ ಏಣಿಗೂ ಏನು ಸಂಬಂಧ ಎಂದು ಈವರೆಗೂ ತಿಳಿದಿಲ್ಲ.

ಮೇಲೆ ಹೋಗಿ ಮುಚ್ಚಳ ಎತ್ತಿದ ಕೂಡಲೇ ಉತ್ತರ ಕಣ್ಣೆದುರಿಗೇ ಇತ್ತು. ನೀರು ತರುವ ಪೈಪು ಟ್ಯಾಂಕಿನ ತಳಕ್ಕೆ ಸೇರಿರಲಿಲ್ಲ. ಹೊರಗೋಡೆಗುಂಟ ನೆತ್ತಿಯವರೆಗೆ ಏರಿ, ಅಲ್ಲಿಂದ ಬಗ್ಗಿ, ಒಳಗೆ ದಬದಬ ಸುರಿಯುತ್ತಿತ್ತು. ನಮ್ಮ ಕಡೆ ಬಹುತೇಕ ಟ್ಯಾಂಕುಗಳು ಹೀಗೇ. ಆದರೆ ಕಂಪ್ಯೂಟರಿಗೆ ಸುಮ್ಮನೆ ಟ್ಯಾಂಕು ಎಂದರೆ ಅದು ತಳದಿಂದ ತುಂಬುವ ಟ್ಯಾಂಕು ಎಂದೇ ತಿಳಿಯುತ್ತದೆ. ಟ್ಯಾಂಕು ಖಾಲಿಯಿದ್ದಾಗ ಪಂಪು ತಳದವರೆಗೆ ಮಾತ್ರ ಎತ್ತಿದರೆ ಸಾಕು, ಕೆಲಸ ಹಗುರ, ನೀರು ಜಾಸ್ತಿ ಎಂದು ಲೆಕ್ಕ ಹಾಕುತ್ತದೆ. ನಿಜದಲ್ಲಿ ಟ್ಯಾಂಕು ಖಾಲಿಯಿರಲಿ, ತುಂಬಿರಲಿ, ನಮ್ಮ ಬಡಪಾಯಿ ಪಂಪು ಪ್ರತಿ ಹನಿಯನ್ನೂ ನೆತ್ತಿಯವರೆಗೆ ಹೊತ್ತೇ ತೀರಬೇಕು.

ಕೆಳಗಿಳಿದು ಬಂದು ಮಾದರಿಯಲ್ಲಿ ಟ್ಯಾಂಕಿನ ಮುಂದೆ ನೆತ್ತಿಯ ಎತ್ತರದ ಒಂದು ಬಿಂದು ಸೇರಿಸಿ, ಅಲ್ಲಿಗೆ ಏರಿದ ಮೇಲೆಯೇ ನೀರು ಒಳಗೆ ಬೀಳುವ ಹಾಗೆ ಒಂದು ವಾಲ್ವು ಇಟ್ಟೆ. ಓಡಿಸಿದೆ. ಮಾದರಿಯ ಟ್ಯಾಂಕೂ ಸಂಜೆ ಕುರಿಗಳು ಬರುವ ಹೊತ್ತಿಗೇ ತುಂಬಿತು. ಪಂಪು ನಿರಪರಾಧಿ ಎಂದು ಸಾಬೀತಾಯಿತು. ಖುಷಿಗೆ ಅಂಗಡಿಯಿಂದ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತರಿಸಿ ನೀರುಗಂಟಿಗೂ ಕೊಟ್ಟೆ. ಅವರು ಬಜ್ಜಿಯ ಒಂದು ತುಣುಕು ಪಂಪಿನ ಮುಂದೂ ಇಟ್ಟರು.

ಖುಷಿ ನೀರು ಬಿಡುವ ದಿನದವರೆಗೆ ಬಾಳಿತು. ಅಂದು ಬೆಳಿಗ್ಗೆ ಟ್ಯಾಂಕಿನಲ್ಲಿ ಹಗ್ಗಕ್ಕೆ ಕಟ್ಟಿದ ಕೋಲು ಇಳಿಬಿಟ್ಟು ಮಟ್ಟ ನೋಡುತ್ತ ಕುಳಿತೆ. ಮನೆಗಳ ಲೆಕ್ಕ, ಜನರ ಲೆಕ್ಕ, ಕುರಿಗಳ ಲೆಕ್ಕವನ್ನೂ ಹಾಕಿದ್ದೆ. ಆ ಪ್ರಕಾರ ಕೆಳಗಿನ ಓಣಿಯವರು ತುಂಬಿಕೊಂಡು ನಲ್ಲಿ ಮುಚ್ಚಿದ ಮೇಲೂ ಟ್ಯಾಂಕಿನಲ್ಲಿ ಅರ್ಧ ಉಳಿದು, ಒತ್ತಡ ಏರಿ, ದಿಬ್ಬಕ್ಕೆ ನೀರು ಹತ್ತಬೇಕಿತ್ತು. ಆದರೆ ಕೋಲಿನ ಒದ್ದೆ ಗುರುತು ನೋಡನೋಡುತ್ತ ಇಳಿಯಿತು. ಕೆಳಗಿನ ಓಣಿಯವರ ನಲ್ಲಿಗಳು ಮುಚ್ಚುವ ಮೊದಲೇ ಟ್ಯಾಂಕಿನ ತಳ ಕಂಡಿತು. ಅಂಗನವಾಡಿಯ ನಲ್ಲಿಗೆ ಕಟ್ಟಿದ್ದ ಗೇಜಿನ ಮುಳ್ಳು ಅಲುಗಲೇ ಇಲ್ಲ ಎಂದು ಟೀಚರ್ ಫೋನು ಮಾಡಿದರು.

ಟ್ಯಾಂಕಿನಿಂದ ಇಳಿದು ಓಣಿಯಲ್ಲಿ ನಡೆದು ಬರುವಾಗ ಚರಂಡಿ ನೋಡಿದೆ. ತುಂಬಿ ಹರಿಯುತ್ತಿತ್ತು. ಸೋಪಿನ ನೊರೆಯಿಲ್ಲ, ಬೂದಿಯಿಲ್ಲ, ತಳದ ಕಲ್ಲು ಕಾಣುವಷ್ಟು ತಿಳಿನೀರು. ಬಳಸಿದ ನೀರು ಹೀಗಿರುವುದಿಲ್ಲ. ಪೈಪು ಒಡೆದಿದೆ ಎಂದು ಕುಣಿದಾಡಿಬಿಟ್ಟೆ.

ಪಂಚಾಯಿತಿಯಿಂದ ಇಬ್ಬರು ಆಳು ಬಂದರು. ಮೊದಲು ವಾಲ್ವಿನ ಗುಂಡಿಯ ಪಕ್ಕ ಅಗೆಸಿದೆ, ಆಮೇಲೆ ಮೋರಿಯ ಹತ್ತಿರ, ಆಮೇಲೆ ಪೈಪು ತಿರುಗುವ ಕಡೆ. ಎಲ್ಲೆಡೆ ಒಣಗಿ ಬಿರುಸಾದ ಮಣ್ಣು. ಶಾಖಾ ಇಂಜಿನಿಯರ್ ಬೈಕಿನಲ್ಲಿ ಬಂದಾಗ ನಾನು ಮೂರನೆಯ ಗುಂಡಿಯೊಳಗೆ ನಿಂತಿದ್ದೆ.

“ಇದೇನ್ ಮೇಡಂ, ಜೋಳ ತುಂಬಾಕೆ ಹಗೇವು ತೆಗ್ಸಿದ್ರಾ?”

“ಸೋರಿಕೆ ಹುಡುಕ್ತಾ ಇದೀನಿ ಸರ್.”

“ಸಿಕ್ತಾ?”

ನಾನು ಗುಂಡಿಯ ಒಣಮಣ್ಣನ್ನು ಬೊಗಸೆಯಲ್ಲಿ ಎತ್ತಿ ತೋರಿಸಿದೆ. ಅವರು ಗಟ್ಟಿಯಾಗಿ ನಗಲಿಲ್ಲ, ಅದು ಅವರ ದೊಡ್ಡತನ. ಗುಂಡಿ ಮುಚ್ಚಿಸಿ ಹೋದರು. ಅಂಗನವಾಡಿ ಟೀಚರ್ ರಸ್ತೆಯಾಚೆ ಕೊಡ ಹೊತ್ತು ನಿಂತು ಇದನ್ನೆಲ್ಲ ನೋಡುತ್ತಿದ್ದರು. ಅವರ ಕಡೆ ಮುಖ ಎತ್ತಲು ನನಗೆ ನಾಚಿಕೆಯಾಯಿತು.

ಮುಂದಿನ ನೀರಿನ ದಿನ ನಾನು ಟ್ಯಾಂಕಿಗೆ ಹೋಗಲಿಲ್ಲ. ಮುಖ ಸಪ್ಪಗೆ ಮಾಡಿಕೊಂಡು ದೊಡ್ಡಮ್ಮನ ಹಿತ್ತಲ ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಕುಳಿತಿದ್ದೆ. ನಲ್ಲಿ ಬುಸ್ ಎಂದಿತು. ಕೂಡಲೇ ದೊಡ್ಡಮ್ಮ ಸೆರಗು ಸಿಕ್ಕಿಸಿ, ಎರಡೂ ಕೈಯಿಂದ ಒಂದು ಡ್ರಮ್ಮನ್ನು ಹಿಡಿದು ವಾಲಿಸಿದರು. ಅರ್ಧಕ್ಕಿಂತ ಹೆಚ್ಚಿದ್ದ ನೀರು ಅಂಗಳದ ತುಂಬ ಹರಿದು, ನನ್ನ ಚಪ್ಪಲಿ ತೇಲಿಸಿಕೊಂಡು, ಬಚ್ಚಲ ಕಿಂಡಿಯಿಂದ ಚರಂಡಿಗೆ ಇಳಿಯಿತು.

“ದೊಡ್ಡಮ್ಮ, ಯಾಕ್ ಚೆಲ್ತೀರಿ? ನೀರು ಚೆನ್ನಾಗೇ ಐತಲ್ಲ.”

“ಹಳೇ ನೀರು ಕಣವ್ವ.”

“ಹಳೇದಾದ್ರೇನು? ಹುಳ ಬಿದ್ದೈತಾ?”

“ಹುಳ ಯಾಕೆ ಬೀಳ್ತೈತೆ, ಮುಚ್ಚಿ ಇಟ್ಟೀನಲ್ಲ. ಹೊಸ ನೀರು ಬಂದ ಮ್ಯಾಲೆ ಹಳೇದನ್ನ ಇಟ್ಕಂಡು ಏನ್ ಮಾಡಾದು? ಬಾ, ಈ ಕಡೆ ಹಿಡ್ಕ.”

ಹಿಡಿದುಕೊಂಡೆ. ಇನ್ನೊಂದು ಡ್ರಮ್ಮು ನನ್ನ ಕೈಯಿಂದಲೇ ಬರಿದಾಯಿತು. ಬಾಗಿಲಿಗೆ ಬಂದು ಓಣಿ ನೋಡಿದೆ. ಪ್ರತಿ ಮನೆಯಿಂದಲೂ ಡ್ರಮ್ಮು ಉರುಳುವ ಶಬ್ದ, ತೊಳೆಯುವ ಶಬ್ದ, ಚರಂಡಿಯಲ್ಲಿ ತಿಳಿನೀರು. ಸಿಟ್ಟು ಬರಬೇಕಿತ್ತು, ನಗು ಬಂತು. ನಾನು ನೆಲ ಅಗೆದು ಹುಡುಕಿದ ಸೋರಿಕೆ ಒಂದೊಂದು ಮನೆಯಲ್ಲೂ ಸೆರಗು ಸಿಕ್ಕಿಸಿಕೊಂಡು ನಿಂತಿತ್ತು.

ಅಷ್ಟೊಂದು ಉಳಿಯುವಷ್ಟು ತುಂಬುವುದೇಕೆ ಎಂದು ಕೇಳಿದರೆ ದೊಡ್ಡಮ್ಮ, “ನಾಲ್ಕು ದಿನಕ್ಕೆ ಬಿಡ್ತೀವಿ ಅಂತಾರೆ. ಕರೆಂಟಿಲ್ಲ ಅಂತ ಆರು ದಿನ ಮಾಡಿದ್ರೆ?” ಎಂದರು. ಆರನೆಯ ದಿನದ ಭಯಕ್ಕೆ ತುಂಬುವುದು, ನಾಲ್ಕನೆಯ ದಿನ ನೀರು ಬಂದಾಗ ಉಳಿದದ್ದನ್ನು ಚೆಲ್ಲುವುದು. ಅಂದರೆ ಆ ಓಣಿ ಕುಡಿದದ್ದೂ ಅಲ್ಲ, ಬಳಸಿದ್ದೂ ಅಲ್ಲ, ಹೆದರಿದ್ದಕ್ಕೇ ಅಷ್ಟು ನೀರು ಖರ್ಚಾಗುತ್ತಿತ್ತು.

ಅಂದು ಮಧ್ಯಾಹ್ನ ದಿಬ್ಬಕ್ಕೆ ಹೋಗಿ ಟೀಚರನ್ನು ಕೇಳಿದೆ, ನೀವೂ ಹಳೇ ನೀರು ಚೆಲ್ಲುತ್ತೀರಾ ಎಂದು. ಅವರು ಅಕ್ಕಿ ಆರಿಸುತ್ತಿದ್ದವರು ಮುಖ ಎತ್ತಿ ನೋಡಿದರು.

“ಚೆಲ್ಲಾಕೆ ನಮ್ತಾವ ಹಳೇ ನೀರು ಎಲ್ಲೈತ್ರೀ ಮೇಡಂ? ನಿನ್ನೆ ತಂದಿದ್ದು ನಿನ್ನೇನೇ ಮುಗ್ದೋಗ್ತೈತೆ.”

ಅವರ ದನಿಯಲ್ಲಿ ದೂರಿರಲಿಲ್ಲ. ಆದರೂ ಆ ಮಾತು ನನ್ನ ಎದೆಗೆ ನಾಟಿತು.

ಮಾದರಿಯನ್ನು ಮತ್ತೆ ಬಿಚ್ಚಿ ಕಟ್ಟಿದೆ. ಈ ಸಲ ಮನೆಗಳಿಗೆ ಇಷ್ಟು ನೀರು ಬೇಕು ಎಂದು ಬರೆಯಲಿಲ್ಲ. ಪ್ರತಿ ಹತ್ತಾರು ಮನೆಗಳಿಗೆ ಒಂದರಂತೆ ಪುಟ್ಟ ಟ್ಯಾಂಕುಗಳನ್ನಿಟ್ಟೆ. ಅವು ದೊಡ್ಡಮ್ಮನಂಥವರ ಡ್ರಮ್ಮುಗಳು. ನೀರಿನ ದಿನ ಅವು ಮೊದಲು ಬರಿದಾಗಿ ಆಮೇಲೆ ತುಂಬಬೇಕು. ಓಡಿಸಿದರೆ, ಕೋಲಿನ ಒದ್ದೆ ಗುರುತು ಇಳಿದ ಹಾಗೆಯೇ ಪರದೆಯ ಮೇಲೂ ಟ್ಯಾಂಕು ಇಳಿಯಿತು. ದಿಬ್ಬದ ಒತ್ತಡ ಸೊನ್ನೆ. ಇಷ್ಟು ಕೆಟ್ಟ ಫಲಿತಾಂಶ ನೋಡಿ ಇಷ್ಟು ಸಂತೋಷ ಪಡುವವರು ನನ್ನ ಕಸುಬಿನವರು ಮಾತ್ರ.

ಮಾದರಿ ನಿಜವಾದ ಮೇಲೆ ದೊಡ್ಡ ಪಂಪು ಹಾಕಿ ನೋಡಿದೆ. ಟ್ಯಾಂಕು ಬೇಗ ತುಂಬಿತು, ದಿಬ್ಬಕ್ಕೆ ಏನೂ ಬರಲಿಲ್ಲ. ಪಂಪಿನ ಯಜಮಾನಿಕೆ ಟ್ಯಾಂಕಿನವರೆಗೆ ಮಾತ್ರ. ಅಲ್ಲಿಂದಾಚೆ ನೀರನ್ನು ತಳ್ಳುವುದು ಟ್ಯಾಂಕಿನ ಎತ್ತರ. ಕೆಳಗಿನ ನಲ್ಲಿಗಳೆಲ್ಲ ಬಾಯಿ ತೆರೆದಿರುವವರೆಗೆ ಆ ಎತ್ತರ ಸಾಲುವುದಿಲ್ಲ. ಕೆಳಗಿನವರು ಬೇಗ ನಲ್ಲಿ ಮುಚ್ಚಬೇಕು, ಅದೊಂದೇ ದಾರಿ. ಬೇಗ ಮುಚ್ಚಬೇಕಾದರೆ ಡ್ರಮ್ಮು ತುಂಬುವ ಗೊಡವೆ ಇರಬಾರದು. ಅದಿರಬಾರದು ಎಂದರೆ ನಾಳೆಯೂ ನೀರು ಬರುತ್ತದೆ ಎಂಬ ನಂಬಿಕೆ ಬೇಕು. ಇದ್ದ ನೀರನ್ನೇ ದಿನವೂ ಸ್ವಲ್ಪ ಹೊತ್ತು ಬಿಡುವಂತೆ ಮಾದರಿಯಲ್ಲಿ ಬದಲಿಸಿದೆ. ದಿಬ್ಬದ ಬಿಂದು ಕೆಂಪಿನಿಂದ ಹಸಿರಿಗೆ ತಿರುಗಿತು.

ಶಾಖಾ ಇಂಜಿನಿಯರ್ ಪರದೆಯನ್ನು ಬಹಳ ಹೊತ್ತು ನೋಡಿದರು. “ಮೇಡಂ, ಈ ಕಂಪ್ಯೂಟರಿನ ಡ್ರಮ್ಮು ನೀವು ಹೇಳ್ದಂಗೆ ಕೇಳ್ತೈತೆ. ನಿಮ್ಮ ದೊಡ್ಡಮ್ಮನ ಡ್ರಮ್ಮು ಕೇಳ್ತೈತಾ?”

“ಕೇಳ್ದಂಗೆ ಮಾಡೋಣ ಸರ್.”

“ಮೇಲ್ವಿಚಾರಕಿ ಬರೋವರೆಗೆ ಮಾಡ್ರಿ. ಆಗ್ಲಿಲ್ಲ ಅಂದ್ರೆ ನಾನು ದೊಡ್ಡ ಪಂಪಿಗೆ ಬರೀತೀನಿ, ಅಂಗನವಾಡಿ ಅವ್ರು ಎಲ್ಲಿ ಬೇಕಾದ್ರೂ ಒಯ್ಯಲಿ.”

ಮೊದಲ ದಿನ ನೀರು ಬಿಟ್ಟೆವು. ಎರಡನೆಯ ದಿನ ನಲ್ಲಿ ಬುಸ್ ಎಂದಾಗ ಕೆಳಗಿನ ಓಣಿಯಲ್ಲಿ ಡ್ರಮ್ಮುಗಳು ಉರುಳಿದವು. ನಿನ್ನೆ ತುಂಬಿದ, ಇನ್ನೂ ಕತ್ತಿನವರೆಗೆ ಇದ್ದ ನೀರು. ಹೊಸ ನೀರು ಬಂದ ಮೇಲೆ ನಿನ್ನೆಯದೂ ಹಳೆಯದೇ ತಾನೆ? ಮೂರನೆಯ ದಿನವೂ ಅದೇ. ನಾಲ್ಕು ದಿನಕ್ಕೊಮ್ಮೆ ಚೆಲ್ಲುತ್ತಿದ್ದ ಊರು ನನ್ನ ಕೃಪೆಯಿಂದ ದಿನವೂ ಚೆಲ್ಲತೊಡಗಿತು. ಚರಂಡಿಗೆ ಅಂಥ ಸುಗ್ಗಿ ಹಿಂದೆಂದೂ ಬಂದಿರಲಿಲ್ಲ. ಒಬ್ಬೊಬ್ಬರ ಮನೆಗೂ ಹೋಗಿ ಹೇಳಿದೆ. ಎಲ್ಲರೂ ಕೂರಿಸಿ ಚಹಾ ಕೊಟ್ಟರು, ತಲೆಯಾಡಿಸಿದರು, ಮರುದಿನ ಚೆಲ್ಲಿದರು. “ನೀವು ಹೊಳೆ ದಂಡೆಯೋರು, ನಮ್ಗೆ ನೀರು ಉಳ್ಸಾಕೆ ಹೇಳ್ಕೊಡ್ತೀರಾ?” ಎಂದು ಒಬ್ಬ ಅಜ್ಜ ಕಟ್ಟೆಯ ಮೇಲಿಂದ ನಕ್ಕ. ನೀರುಗಂಟಿ ದಿನವೂ ವಾಲ್ವು ತಿರುಗಿಸಿ ತೋಳು ನೋವೆಂದು ಎಣ್ಣೆ ಹಚ್ಚಿಕೊಂಡು ಬರುತ್ತಿದ್ದರು. “ನಿಲ್ಸಿಬಿಡ್ರಿ ಮೇಡಂ” ಎಂದರು ಇಂಜಿನಿಯರ್ ಫೋನಿನಲ್ಲಿ. ನಾನೂ ಮನಸ್ಸಿನಲ್ಲಿ ಬ್ಯಾಗು ಕಟ್ಟತೊಡಗಿದ್ದೆ.

ಆ ಸಂಜೆ ಹಿತ್ತಲಿಗೆ ಹೋದೆ. ದೊಡ್ಡಮ್ಮ ಸೊಂಟಕ್ಕೆ ಬಿಸಿನೀರಿನ ಶಾಖ ಕೊಟ್ಟುಕೊಳ್ಳುತ್ತಿದ್ದರು. ಸಾಲಿನ ಕೊನೆಯ ಡ್ರಮ್ಮನ್ನು ಅಂದು ಅವರು ಉರುಳಿಸಿಯೇ ಇರಲಿಲ್ಲ.

“ಅದು ಹಳೇ ನೀರಲ್ವಾ ದೊಡ್ಡಮ್ಮ?”

“ಇರ್ಲಿ ಬಿಡವ್ವ. ನಾಳೆ ಚೆಲ್ಲಿದ್ರಾತು.”

ಸೋಮಾರಿತನದ ವಿಷಯದಲ್ಲಿ ನನಗೆ ಒಳ್ಳೆಯ ಅನುಭವವಿದೆ. ‘ನಾಳೆ ಮಾಡಿದರಾಯಿತು’ ಎಂದು ಬಿಟ್ಟ ಕೆಲಸ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬುದು ನನಗೆ ಗೊತ್ತು. ನಾಲ್ಕು ದಿನಕ್ಕೊಮ್ಮೆ ಡ್ರಮ್ಮು ತೊಳೆಯುವುದು ಶುಚಿ. ದಿನವೂ ತೊಳೆಯುವುದು ಗೋಳು. ನನ್ನ ಉಪದೇಶಕ್ಕೆ ಬಗ್ಗದ ಓಣಿ ತನ್ನ ಸೊಂಟನೋವಿಗೆ ಬಗ್ಗಬಹುದು. ಆದರೆ ಒಂದು ದಿನವೂ ತಪ್ಪದೆ, ಅದೇ ಹೊತ್ತಿಗೆ ನೀರು ಬರಬೇಕು. ಇಂಜಿನಿಯರಿಗೆ ಫೋನು ಮಾಡಿ ನಿಲ್ಲಿಸುವುದಿಲ್ಲ ಎಂದೆ. ಅವರು ನಿಟ್ಟುಸಿರು ಬಿಟ್ಟಿದ್ದು ನನಗೆ ಕೇಳಿಸಿತು.

ಅಂದ ಮರುದಿನವೇ ಕರೆಂಟು ಕೈಕೊಟ್ಟಿತು. ಸಂಜೆಯಾದರೂ ಟ್ಯಾಂಕು ಅರ್ಧವೂ ತುಂಬಲಿಲ್ಲ. “ಇವತ್ತು ಬಿಡಾದು ಬ್ಯಾಡ್ರಿ,” ಎಂದರು ಬೆಳಗಾದ ಮೇಲೆ ನೀರುಗಂಟಿ, “ನಾಳೆ ಪೂರಾ ತುಂಬ್ಸಿ ಚೆನ್ನಾಗಿ ಬಿಡಾಣ.” ಯಾವಾಗಲೂ ಹಾಗೇ ಮಾಡುತ್ತಿದ್ದದ್ದು. ಅದರಲ್ಲಿ ನ್ಯಾಯವೂ ಇತ್ತು. ಅರ್ಧ ಟ್ಯಾಂಕು ಬಿಟ್ಟರೆ ಎಲ್ಲವೂ ಕೆಳಗೇ ಮುಗಿಯುತ್ತದೆ. ದಿಬ್ಬಕ್ಕೆ ಅಂದು ಹನಿಯೂ ಹತ್ತುವುದಿಲ್ಲ, ಉಳಿಸಿ ನಾಳೆ ತುಂಬು ಟ್ಯಾಂಕು ಬಿಟ್ಟರೆ ಒಂದಿಷ್ಟು ಹತ್ತಿದರೂ ಹತ್ತೀತು, ಮೇಲ್ವಿಚಾರಕಿ ಬರುವ ದಿನವೂ ಹತ್ತಿರವಾಗಿತ್ತು. ಆದರೆ ಇಂದು ತಪ್ಪಿಸಿದರೆ ನಾಳೆ ಹಳೆಯ ಭಯಕ್ಕೆ ಓಣಿಯ ಅಷ್ಟೂ ಡ್ರಮ್ಮುಗಳು ಮತ್ತೆ ತುಂಬಿ ನಿಲ್ಲುತ್ತವೆ. ತಿಂಗಳ ಕೆಲಸ ಮಣ್ಣುಪಾಲು.

ದಿಬ್ಬ ಹತ್ತಿ ಟೀಚರಿಗೆ ವಿಷಯ ಹೇಳಿದೆ. ಇವತ್ತು ನಿಮ್ಮ ನೀರನ್ನು ಕೆಳಗಿನವರ ನಂಬಿಕೆಗೆ ಸುರಿಯುತ್ತಿದ್ದೇನೆ, ನೀವು ಬೇಡ ಎಂದರೆ ಬಿಡುವುದಿಲ್ಲ ಎಂದೆ.

ಅವರು ಖಾಲಿ ಕೊಡ ಎತ್ತಿ ಸೊಂಟಕ್ಕಿಟ್ಟುಕೊಂಡರು. “ನಮ್ಗೇನು, ಹೊತ್ತು ಅಭ್ಯಾಸ ಐತೆ. ಬಿಡ್ರಿ. ಆದ್ರೆ ಮೇಡಂ, ಆಮ್ಯಾಲೆ ಬರ್ಲಿಲ್ಲ ಅಂದ್ರೆ ಕೊಡ ತಗಂಡು ನೀವೂ ನಂಜೊತೆ ಬರ್ಬೇಕು.”

ಒಪ್ಪಿದೆ. ದಿನದ ಹೊತ್ತಿಗೇ ವಾಲ್ವು ತಿರುಗಿತು, ಅರ್ಧ ಹೊತ್ತು ಮಾತ್ರ. ಕೆಳಗಿನ ಓಣಿಯಲ್ಲಿ ಆಶ್ಚರ್ಯವೋ ಆಶ್ಚರ್ಯ. “ಕರೆಂಟು ಹೋದ್ರೂ ನೀರು ಬಂತಲ್ಲ” ಎಂದು ದೊಡ್ಡಮ್ಮ ಪಕ್ಕದ ಮನೆಯವರಿಗೆ ಗೋಡೆಯ ಮೇಲಿಂದ ಹೇಳುತ್ತಿದ್ದರು. ನಾನು ಮಾತ್ರ ಮರುದಿನ ಬೆಳಿಗ್ಗೆ ಟೀಚರ್ ಜೊತೆ ಒಂದು ಕೊಡ ಹೊತ್ತು ರಸ್ತೆ ದಾಟಿದೆ. ಕತ್ತು ಉಳುಕಿತು.

ಆಮೇಲೆ ನಾನು ಗೇಜು ನೋಡುವುದನ್ನು ಬಿಟ್ಟು ಹಿತ್ತಲುಗಳನ್ನು ನೋಡತೊಡಗಿದೆ. ಮೊದಲು ಒಂದು ಮನೆಯಲ್ಲಿ ಡ್ರಮ್ಮು ಬೋರಲು ಬಿದ್ದಿತ್ತು. ಮರುದಿನ ಅದರ ಎದುರು ಮನೆಯಲ್ಲಿ. ದೊಡ್ಡಮ್ಮ ಎರಡನ್ನು ಬಿಟ್ಟು ಉಳಿದವನ್ನೆಲ್ಲ ಬೋರಲು ಹಾಕಿ ಅವುಗಳ ಮೇಲೆ ಮೊರ ಇಟ್ಟು ಸಂಡಿಗೆ ಒಣಗಿಸಿದ್ದರು. “ದಿನಾ ತೊಳ್ಯಾಕೆ ನನ್ಗೇನು ಬ್ಯಾರೆ ಕೆಲ್ಸ ಇಲ್ವಾ? ಹೆಂಗಿದ್ರೂ ನಾಳೆ ಬರ್ತೈತಲ್ಲ” ಎಂದರು, ಈ ಉಪಾಯ ತಮಗೇ ಹೊಳೆದ ಹಾಗೆ. ನಾನು ಸಂಡಿಗೆಯ ಹಸಿಹಿಟ್ಟು ತಿನ್ನುತ್ತ ಹೌದು ದೊಡ್ಡಮ್ಮ ಎಂದೆ. ಚರಂಡಿ ಮೊದಲಿನ ಹಾಗೆ ಸೋಪಿನ ನೊರೆಗೆ ತಿರುಗಿತು.

ಬೋರಲು ಡ್ರಮ್ಮುಗಳು ಹೆಚ್ಚಿದ ಹಾಗೆ ಕೆಳಗಿನ ನಲ್ಲಿಗಳು ಬೇಗ ಮುಚ್ಚಿದವು. ಒಂದು ಬೆಳಿಗ್ಗೆ ನಾನು ಅಂಗನವಾಡಿಯ ನಲ್ಲಿಯ ಮುಂದೆ ಕುಳಿತಿದ್ದೆ. ನಲ್ಲಿ ಎಂದಿನಂತೆ ಬುಸ್ ಎಂದಿತು. ಗಾಳಿ ಬಂತು, ಕೆಂಪು ನೀರು ಉಗುಳಿತು, ಮತ್ತೆ ಗಾಳಿ. ಆಮೇಲೆ ಗೇಜಿನ ಮುಳ್ಳು ನಡುಗಿ, ನಿಧಾನಕ್ಕೆ ಎದ್ದು, ಮಾದರಿ ಹೇಳಿದ ಜಾಗದ ತುಸು ಕೆಳಗೆ ನಿಂತಿತು. ನಲ್ಲಿಯಿಂದ ಬೆರಳು ದಪ್ಪದ ತಿಳಿನೀರು ಬಿತ್ತು. ಮಕ್ಕಳು ಸಾಲು ಮುರಿದು ಓಡಿಬಂದು ಕೈಯೊಡ್ಡಿದವು. ನನ್ನ ಕಣ್ಣು ತುಂಬಿ ಬಂತು, ಅದನ್ನು ಮುಚ್ಚಿಕೊಳ್ಳಲು ಗೇಜಿನ ಲೆಕ್ಕ ಬರೆದುಕೊಳ್ಳುವವಳ ಹಾಗೆ ಬಗ್ಗಿದೆ.

ಮೇಲ್ವಿಚಾರಕಿ ಬಂದಾಗಲೂ ನೀರು ಬರುತ್ತಿತ್ತು. ಅವರು ನಲ್ಲಿ ತಿರುಗಿಸಿ ನೋಡಿದರು, ಅಡುಗೆಕೋಣೆ ನೋಡಿದರು, ಮಕ್ಕಳ ಕೈಗಳನ್ನು ತಿರುಗಿಸಿ ಮುರುಗಿಸಿ ನೋಡಿದರು. ದಿನಾ ಬರುತ್ತದೆಯೋ ಎಂದು ಕೇಳಿದ್ದಕ್ಕೆ ಶಾಖಾ ಇಂಜಿನಿಯರ್ ನನಗಿಂತ ಮೊದಲು, “ದಿನಾ ಬರ್ತೈತ್ರೀ, ಕರೆಂಟು ಹೋದ್ರೂ ಬರ್ತೈತೆ” ಎಂದರು. ದೊಡ್ಡ ಪಂಪಿನ ಮಾತು ಮತ್ತೆ ಏಳಲಿಲ್ಲ. ಕೇಂದ್ರ ಇಲ್ಲೇ ಇರಲಿ ಎಂದು ಹೇಳಿ, ಒಂದು ಲೋಟ ನೀರು ಕುಡಿದು ಮೇಲ್ವಿಚಾರಕಿ ಜೀಪು ಹತ್ತಿದರು.

ನಾನು ಗೇಜು ಬಿಚ್ಚಿಕೊಳ್ಳಲು ಮರುದಿನ ಬೆಳಿಗ್ಗೆ ಕೊನೆಯ ಸಲ ದಿಬ್ಬ ಹತ್ತಿದೆ. ಟೀಚರ್ ಹೊರಗಿದ್ದರು. ಬಾಗಿಲ ಪಕ್ಕ ನಿನ್ನೆಯ ನೀರು ತುಂಬಿದ ಎರಡು ಕೊಡಗಳು. ನಲ್ಲಿ ಬುಸ್ ಎಂದಿತು. ಟೀಚರ್ ಸೆರಗು ಸಿಕ್ಕಿಸಿ, ಒಂದು ಕೊಡ ಎತ್ತಿ, ಬೇವಿನ ಗಿಡದ ಬುಡಕ್ಕೆ ಒಂದೇ ಸಲ ಬಗ್ಗಿಸಿಬಿಟ್ಟರು. ತುಂಬಿದ ಕೊಡ. ನೀರು ಗಿಡದ ಪಾತಿ ದಾಟಿ ನನ್ನ ಕಾಲಿನವರೆಗೆ ಹರಿದು ಬಂತು.

ತಿಂಗಳಿಡೀ ಮನೆಮನೆಗೆ ಹೋಗಿ ಬೇಡವೆಂದು ಗಂಟಲು ಹರಿದುಕೊಂಡದ್ದು ಇದನ್ನೇ. ನಾಲಿಗೆಯ ತುದಿಯವರೆಗೆ ಮಾತು ಬಂದಿತ್ತು.

ಅವರು ತಿರುಗಿ ನನ್ನನ್ನು ನೋಡಿದರು. ಮುಖದ ತುಂಬ ನಗು.

“ಹಳೇ ನೀರು ಮೇಡಂ,” ಎಂದರು.

ನಾನು ಎರಡನೆಯ ಕೊಡ ಎತ್ತಿ ಅವರ ಕೈಗೆ ಕೊಟ್ಟೆ.